ಊರು ಕೊಡುವ ಆಟ

ಇದುವರೆಗೆ ನಾನು ಕಳೆದುಕೊಂಡ ಆಸ್ತಿಯ ಲೆಕ್ಕ ತೆಗೆದರೆ ಕುಸುಗಲ್, ಹೆಬಸೂರು, ಅಣ್ಣಿಗೇರಿ, ಹುಲಕೋಟಿ ಇಷ್ಟು ಊರುಗಳು ಇಡಿಯಾಗಿ ಹೋಗಿವೆ. ನವಲಗುಂದ ಎರಡು ಸಲ ಹೋಗಿದೆ. ಕೊಟ್ಟಿದ್ದಕ್ಕೆ ಕಾಗದವಿಲ್ಲ, ಪತ್ರವಿಲ್ಲ, ಸಾಕ್ಷಿಯ ಸಹಿಯಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತದೆ, ಕತ್ತಲಲ್ಲಿ ಕುಳಿತು ಬಾಯಿಮಾತಿನಲ್ಲಿ ಕೊಟ್ಟ ಊರುಗಳು ಅವು. ಪಡೆದುಕೊಂಡವಳು ನಮ್ಮ ಆಯಿ, ಎಂದರೆ ಅಜ್ಜಿ. ಆಗ ನನಗೆ ಎಂಟೋ ಒಂಬತ್ತೋ ವರ್ಷ.

ಗದಗಿನ ನಮ್ಮ ಮನೆಯಲ್ಲಿ ರಾತ್ರಿ ಕರೆಂಟು ಹೋಯಿತೆಂದರೆ ಒಗಟಿನ ಹೊತ್ತಾಯಿತು ಎಂದೇ ಅರ್ಥ. ಆಯಿ ಪಡಸಾಲೆಯ ಕಂಬಕ್ಕೆ ಒರಗಿ, ಮುಂದೆ ಮೊರದಲ್ಲಿ ಶೇಂಗಾ ಸುರುವಿಕೊಂಡು, ಸುಲಿಯುತ್ತ ಸುಲಿಯುತ್ತ ಒಗಟು ಹಾಕುತ್ತಿದ್ದಳು. ಉತ್ತರ ಹೊಳೆಯದವರು ಸೋಲೊಪ್ಪಿ 'ಊರು ಕೊಟ್ಟೆ' ಎನ್ನಬೇಕು, ಯಾವ ಊರು ಎಂದೂ ಹೇಳಬೇಕು. ಊರು ಬಂತೆಂದು ಆಯಿ ತಕ್ಷಣ ಉತ್ತರ ಹೇಳುತ್ತಿರಲಿಲ್ಲ. ಆ ಊರನ್ನು ತಾನು ಏನು ಮಾಡಿದೆ ಎಂಬ ವರದಿ ಮೊದಲು ಒಪ್ಪಿಸುತ್ತಿದ್ದಳು. ಅದು ನಮ್ಮ ಮನೆಯ ಆಟದ ಕಾಯಿದೆ.

ಒಂದು ರಾತ್ರಿ ಅವಳು ಹಾಕಿದ ಒಗಟು ಹೀಗಿತ್ತು: "ಬಾಗಿಲಿಲ್ಲದ ಮನೆಯಲ್ಲಿ ಕೆಂಪಂಗಿ ತೊಟ್ಟ ಅಣ್ಣತಮ್ಮ ಮಲಗಿದ್ದಾರೆ. ಮನೆ ಒಡೆಯದೆ ಎಬ್ಬಿಸುವಂತಿಲ್ಲ. ಯಾರು?" ನಾನು ಕಣ್ಣು ರೆಪ್ಪೆ ಎಂದೆ, ಹಲ್ಲು ನಾಲಗೆ ಎಂದೆ, ಕೊನೆಗೆ ಲವಕುಶ ಎಂದೂ ಹೇಳಿ ನೋಡಿದೆ. ಆಗಲಿಲ್ಲ. ಅಣ್ಣಿಗೇರಿ ಕೊಟ್ಟೆ.

"ಅಣ್ಣಿಗೇರಿಯೇ? ಒಳ್ಳೆಯದಾಯಿತು" ಎಂದು ಆಯಿ ಶುರು ಮಾಡಿದಳು. "ಎರೆಹೊಲ, ಬಂಗಾರದಂಥ ಭೂಮಿ. ಒಂದು ಕಡೆ ಹತ್ತಿ ಹಾಕಿದೆ, ಒಂದು ಕಡೆ ಕಡಲೆ ಹಾಕಿದೆ. ಹತ್ತಿ ಹುಬ್ಬಳ್ಳಿಗೆ ಹೋಯಿತು, ಕಡಲೆ ಗದಗಿಗೆ ಬಂತು. ಬಂದ ದುಡ್ಡಿನಲ್ಲಿ ನಿನ್ನ ಅವ್ವನಿಗೆ ಇಳಕಲ್ ಸೀರೆ ತಂದೆ. ನಿನಗೆ ಏನೂ ತರಲಿಲ್ಲ, ಊರು ಸೋತವನಿಗೆ ಏನು ತರುವುದು? ಅಮೃತೇಶ್ವರನ ಗುಡಿಯನ್ನು ಮಾತ್ರ ಮುಟ್ಟಲಿಲ್ಲ ಮಗನೇ. ದೇವರ ಆಸ್ತಿ ನನಗೆ ಬೇಡ."

ಇಷ್ಟಾದ ಮೇಲೆ ಮೊರದಿಂದ ಒಂದು ಕಾಯಿ ತೆಗೆದು ನನ್ನ ಕಿವಿಯ ಹತ್ತಿರ ಚಟ್ಟೆಂದು ಒಡೆದಳು. ಒಳಗೆ ಕೆಂಪಂಗಿಯ ಅಣ್ಣತಮ್ಮ. ಸಂಜೆಯಿಂದ ಯಾವುದರ ಸಿಪ್ಪೆಯ ಮೇಲೆ ಕಾಲು ಚಾಚಿ ಕುಳಿತಿದ್ದೆನೋ ಅದೇ ಶೇಂಗಾಕ್ಕೆ ಅಣ್ಣಿಗೇರಿಯಂಥ ಊರನ್ನು ಕೊಟ್ಟುಬಿಟ್ಟಿದ್ದೆ!

ಕನ್ನಡದಲ್ಲಿ ಒಗಟನ್ನು 'ಬಿಡಿಸುತ್ತೇವೆ' ಎನ್ನುವುದು ಎಷ್ಟು ಸರಿ ಎಂದು ನನಗೆ ಆಗಾಗ ಅನಿಸುತ್ತದೆ. ಬಟಾಣಿಯನ್ನೂ ಬಿಡಿಸುತ್ತೇವೆ, ಲೆಕ್ಕವನ್ನೂ ಬಿಡಿಸುತ್ತೇವೆ. ಎರಡಕ್ಕೂ ಸಿಪ್ಪೆಯ ಯಾವ ಅಂಚಿನಲ್ಲಿ ಉಗುರು ಹಾಕಬೇಕೆಂದು ತಿಳಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಜಗಳ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಒತ್ತೆಯಿಟ್ಟ ಬಂಗಾರ ಬಿಡಿಸಿಕೊಳ್ಳುತ್ತೇವೆ. ರಂಗೋಲಿ ಬಿಡಿಸುವಾಗ ಮಾತ್ರ ಮಾತು ತಿರುಗಿ ನಿಲ್ಲುತ್ತದೆ. ಅಲ್ಲಿ ಸಿಕ್ಕು ಹಾಕುವುದನ್ನೇ ಬಿಡಿಸುವುದು ಎನ್ನುತ್ತೇವೆ. ಚುಕ್ಕಿಗಳ ನಡುವೆ ಎಳೆ ಸುತ್ತಿ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ತಿಳಿಯದ ಹಾಗೆ ಮಾಡಿ, ಬಿಡಿಸಿದೆ ಎಂದು ಕೈ ಒರೆಸಿಕೊಳ್ಳುವ ಹೆಣ್ಣುಮಕ್ಕಳಿಗೆ ಒಗಟು ಹಾಕುವುದನ್ನು ಬೇರೆ ಕಲಿಸಬೇಕೇ?

ಒಗಟಿಗೆ ನಮ್ಮ ಕಡೆ ಒಡಪು ಎಂಬ ಹೆಸರೂ ಇದೆ. ಆದರೆ ಒಡಪು ಎಂದಕೂಡಲೇ ಜನರ ಕಣ್ಣಿಗೆ ಕಟ್ಟುವುದು ಮದುವೆಮನೆ. ಹೊಸ ಸೊಸೆಯನ್ನು ಬಾಗಿಲಲ್ಲಿ ತಡೆದು ಗಂಡನ ಹೆಸರು ಹೇಳು ಎಂದು ಪೀಡಿಸುವಾಗ ಅವಳು ಪ್ರಾಸ ಕೂಡಿಸಿ, ಹೂವು ಹಣ್ಣು ಬೆಟ್ಟ ಹೊಳೆ ಎಲ್ಲವನ್ನೂ ಸುತ್ತಿ, ಕೊಟ್ಟಕೊನೆಗೆ ಒಂದು ಹೆಸರನ್ನು ಮೆಲ್ಲಗೆ ಜಾರಿಸುತ್ತಾಳಲ್ಲ, ಅದು. ಉತ್ತರ ಮನೆತುಂಬ ಎಲ್ಲರಿಗೂ ಗೊತ್ತು, ಲಗ್ನಪತ್ರಿಕೆಯಲ್ಲೇ ಅಚ್ಚಾಗಿದೆ. ಆದರೂ ಕೇಳಲು ನೂಕುನುಗ್ಗಲು.

ಆಯಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವಳ ಚೀಲದಲ್ಲಿ ಲೆಕ್ಕದ ಒಗಟುಗಳೂ ಇದ್ದವು. ಗಿಳಿವಿಂಡಿನದು ಬಹಳ ಜನರಿಗೆ ಗೊತ್ತಿರಬಹುದು. ಮರದ ಮೇಲೆ ಕುಳಿತ ಒಂಟಿ ಗಿಳಿ, ಹಾರಿಹೋಗುತ್ತಿದ್ದ ಹಿಂಡನ್ನು ನೋಡಿ "ನೂರು ಗಿಳಿಗಳೇ, ಎಲ್ಲಿಗೆ ಹೊರಟಿರಿ?" ಎಂದಿತಂತೆ. ಹಿಂಡಿನ ಯಜಮಾನ ಗಿಳಿ, "ನಾವು ನೂರಲ್ಲ. ನಾವು, ನಮ್ಮಷ್ಟೇ ಮತ್ತೊಂದು ಹಿಂಡು, ನಮ್ಮ ಅರ್ಧ, ಅರ್ಧದ ಅರ್ಧ, ಮೇಲೆ ನೀನು ಸೇರಿದರೆ ನೂರು" ಎಂದಿತಂತೆ. ಹಿಂಡಿನಲ್ಲಿ ಎಷ್ಟು?

ಶಾಲೆಯಲ್ಲಾದರೆ ಗೊತ್ತಿಲ್ಲದ್ದನ್ನು 'ಕ್ಷ' ಎಂದಿಟ್ಟುಕೊಳ್ಳಿ ಎನ್ನುತ್ತಿದ್ದರು. ಆಯಿ ಶೇಂಗಾಬೀಜ ಇಟ್ಟುಕೊಂಡಳು. ನೂರು ಬೀಜ ಎಣಿಸಿ ಮೊದಲು ಒಂದನ್ನು ತೆಗೆದು ನನ್ನ ಬಾಯಿಗೆ ಹಾಕಿದಳು. ಅದು ಮರದ ಮೇಲಿನ ಗಿಳಿ. ಉಳಿದವು 99. "ಅರ್ಧದ ಅರ್ಧ ಅಂದರೆ ಒಂದು ಪಾಲು. ಅರ್ಧ ಅಂದರೆ ಎರಡು ಪಾಲು. ಹಿಂಡು ಅಂದರೆ ನಾಲ್ಕು, ಅದರಷ್ಟೇ ಇನ್ನೊಂದು ನಾಲ್ಕು. ಎಲ್ಲಾ ಸೇರಿ ಹನ್ನೊಂದು ಪಾಲು." ಹನ್ನೊಂದು ಗುಂಪು ಮಾಡಿದಾಗ ಒಂದೊಂದರಲ್ಲಿ ಒಂಬತ್ತು ಬೀಜ ಬಂದವು. ನಾಲ್ಕು ಗುಂಪು ಕೂಡಿಸಿದರೆ 36. ಕಂದೀಲಿನ ಬೆಳಕಿನಲ್ಲಿ ಆ ಹನ್ನೊಂದು ಗುಂಪುಗಳು ನನಗೆ ಇವತ್ತಿಗೂ ಕಾಣುತ್ತವೆ. ಮುಂದೆ ಹೈಸ್ಕೂಲಿನಲ್ಲಿ ಬೀಜಗಣಿತ ಎಂಬ ಶಬ್ದ ಕೇಳಿದಾಗ ಅದು ಶೇಂಗಾಬೀಜದ ಗಣಿತ ಎಂದೇ ತಿಳಿದಿದ್ದೆ. ತಪ್ಪೇನೂ ಅಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯನೆಂಬವನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದಿದ್ದನೆಂದು ಓದಿದಾಗ, ಆಯಿಯ ಮುತ್ತಜ್ಜನ ಮುತ್ತಜ್ಜ ಎಲ್ಲೋ ಅವನ ಓರಗೆಯವನ ಹೊಲದಲ್ಲಿ ಕೂಲಿಗೆ ಹೋಗಿರಬೇಕು ಎಂದುಕೊಂಡೆ.

ಒಗಟು ಬಲ್ಲವರ ಜಾಣತನವನ್ನು ಜನ ಹೊಗಳುತ್ತಾರೆ. ನನಗೆ ಅವರ ಮೇಲೆ ಮರುಕ. ಗೊತ್ತಿಲ್ಲದವನಿಗೆ ಕಷ್ಟವೇನು? ತಲೆ ಕೆರೆದುಕೊಂಡು ಹಾಯಾಗಿ ಕುಳಿತಿರುತ್ತಾನೆ. ಗೊತ್ತಿದ್ದೂ ಬಾಯಿ ಬಿಡಬಾರದವನ ಸಂಕಟ ನೋಡಬೇಕು. ನನ್ನ ತಮ್ಮನಿಗೆ ಅದು ಸಾಧ್ಯವೇ ಇರಲಿಲ್ಲ. ಒಗಟು ಅರ್ಧವಾಗುವುದರೊಳಗೆ ಉತ್ತರ ಅವನ ಬಾಯಿಂದ ಕುಕ್ಕರಿನ ಸೀಟಿಯ ಹಾಗೆ ಹಾರಿಬಿಡುತ್ತಿತ್ತು. ಆಯಿ ಅವನ ಬಾಯಿಗೆ ಬೆಲ್ಲದ ಹೆಂಟೆ ತುರುಕಿ ಕೂರಿಸುತ್ತಿದ್ದಳು. ಅವನಿಗೆ ಒಗಟೆಂದರೆ ಬೆಲ್ಲ ಎಂದು ಗೊತ್ತಾದ ಮೇಲೆ ಗೊತ್ತಿಲ್ಲದ ಉತ್ತರಕ್ಕೂ ಬಾಯಿ ತೆರೆಯತೊಡಗಿದ.

ಹಾವೇರಿ ಜಿಲ್ಲೆಯ ನೀರಿನಲ್ಲಿಯೇ ಈ ಗುಟ್ಟು ಮಾಡುವ ಗುಣ ಇದೆಯೇನೋ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡಿದ ಕನಕದಾಸರು ಮುಂಡಿಗೆಗಳೆಂಬ ಒಗಟಿನಂಥ ಹಾಡುಗಳನ್ನು ಕಟ್ಟಿ ಪಂಡಿತರನ್ನು ಶತಮಾನಗಳಿಂದ ತಲೆ ಕೆರೆಯಲು ಬಿಟ್ಟಿದ್ದಾರೆ. 1819ರಲ್ಲಿ ಶಿಶುವಿನಹಾಳದಲ್ಲಿ ಹುಟ್ಟಿದ ಶರೀಫಜ್ಜನಂತೂ ಕೋಳಿಯ ಬಾಯಿಗೆ ಕೋಡಗವನ್ನೇ ಕೊಟ್ಟು ನಕ್ಕವರು. ಇಂಥವರಿಗೆ ನಾವು ಎಷ್ಟು ಊರು ಕೊಟ್ಟರೂ ಪೂರ್ತಿ ಉತ್ತರ ಸಿಗುವಂತಿಲ್ಲ.

ನೌಕರಿ ನನ್ನನ್ನು ಧಾರವಾಡಕ್ಕೆ ತಂದಿತು, ನಿವೃತ್ತಿ ಸಾಧನಕೇರಿಯ ಕೆರೆಯ ದಂಡೆಗೆ ತಂದಿತು. ಅಲ್ಲಿ ಒಂದು ಬೆಂಚು, ಸಂಜೆ ಐದೂವರೆಗೆ ನಾಲ್ಕು ಮಂದಿ. ಒಬ್ಬರು ಗಣಿತದ ಮಾಸ್ತರರು. ಒಬ್ಬರು ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿದ ಕ್ಯಾಶಿಯರ್ ಸಾಹೇಬರು. ಅವರು ಈಗಲೂ ಮಾತಿಗೆ ಮುಂಚೆ ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿಕೊಳ್ಳುತ್ತಾರೆ. ಮೂರನೆಯವರು ಕಿರಾಣಿ ಅಂಗಡಿಯ ಸಾವಕಾರರು, ಅಂಗಡಿಯನ್ನು ಮಗನಿಗೆ ಒಪ್ಪಿಸಿ ಬರುತ್ತಾರೆ, ಒಪ್ಪಿಸಿದ್ದಕ್ಕೆ ಪ್ರತಿದಿನ ಮರುಗುತ್ತಾರೆ. ಮೊದಮೊದಲು ಸಕ್ಕರೆ ಕಾಯಿಲೆ, ರಾಜಕೀಯ, ಮಳೆ ಎಂದು ಮಾತು ನಡೆಯುತ್ತಿತ್ತು. ಮೂರೂ ಹತೋಟಿಗೆ ಬರುವ ಲಕ್ಷಣ ಕಾಣದಿದ್ದಾಗ ಮಾಸ್ತರರು ಒಗಟಿಗೆ ಇಳಿದರು. ನಾನು ಆಯಿಯ ಕಾಯಿದೆ ಹೇಳಿಕೊಟ್ಟೆ. ಮೊಬೈಲ್ ತೆಗೆದವನು ಊರಲ್ಲ, ತಾಲ್ಲೂಕು ಕೊಡಬೇಕು ಎಂಬ ತಿದ್ದುಪಡಿ ಮಾತ್ರ ಹೊಸದು.

ಒಂದು ಸಂಜೆ ಮಾಸ್ತರರು ಹಾಕಿದ್ದು ಮಣದ ಕಲ್ಲಿನ ಲೆಕ್ಕ. ಒಂದು ಮಣವೆಂದರೆ ನಲವತ್ತು ಸೇರು. ಮಣ ತೂಗುವ ಕಲ್ಲು ಕೆಳಗೆ ಬಿದ್ದು ನಾಲ್ಕು ಹೋಳಾಯಿತು. ನೋಡಿದರೆ ಆ ನಾಲ್ಕೇ ಹೋಳುಗಳಿಂದ ಒಂದು ಸೇರಿನಿಂದ ನಲವತ್ತರವರೆಗೆ ಯಾವ ತೂಕವನ್ನಾದರೂ ತೂಗಬಹುದಾಗಿತ್ತು. ಒಂದೊಂದು ಹೋಳು ಎಷ್ಟೆಷ್ಟು ಸೇರು?

ತೂಕದ ಮಾತೆಂದರೆ ಸಾವಕಾರರ ಮನೆಯ ಮಾತು. ನಾವಿಬ್ಬರೂ ಅವರ ಮುಖ ನೋಡಿದೆವು. "ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಇಟ್ಟರೆ ಬೇಕಾದ್ದು ತೂಗುತ್ತೇನೆ. ಆದರೆ ಆರು ಕಲ್ಲು ಬೇಕು. ನಾಲ್ಕರಲ್ಲಿ ಆಗದು. ಮಾಸ್ತರರೇ, ನಿಮ್ಮ ಲೆಕ್ಕ ತಪ್ಪಿದೆ" ಎಂದರು. ಮಾಸ್ತರರು ತುಟಿ ಬಿಗಿಹಿಡಿದು ಕೆರೆಯ ಬಾತುಕೋಳಿ ನೋಡುತ್ತ ಕುಳಿತರು. ಮೂರು ದಿನ ಸಾವಕಾರರು ಊಟ ಸರಿಯಾಗಿ ಮಾಡಲಿಲ್ಲವೆಂದು ಅವರ ಮನೆಯವರು ನಮ್ಮ ಮನೆಯವರಿಗೆ ಫೋನು ಮಾಡಿದ ಮೇಲೆ, ನಾಲ್ಕನೆಯ ದಿನ ಅವರು ಕಲಘಟಗಿ ಕೊಟ್ಟು ಶರಣಾದರು.

"ಒಂದು, ಮೂರು, ಒಂಬತ್ತು, ಇಪ್ಪತ್ತೇಳು" ಎಂದರು ಮಾಸ್ತರರು.

"ಹಾಗಾದರೆ ಎರಡು ಸೇರು ಹೇಗೆ ತೂಗುತ್ತೀರಿ?"

"ಒಂದು ತಟ್ಟೆಯಲ್ಲಿ ಮೂರು ಸೇರಿನ ಕಲ್ಲು. ಇನ್ನೊಂದರಲ್ಲಿ ಮಾಲು, ಮಾಲಿನ ಪಕ್ಕದಲ್ಲಿ ಒಂದು ಸೇರಿನ ಕಲ್ಲು. ಐದು ಸೇರು ಬೇಕಾದರೆ ಇತ್ತ ಒಂಬತ್ತು, ಅತ್ತ ಮಾಲಿನ ಜೊತೆ ಮೂರು ಮತ್ತು ಒಂದು."

ಸಾವಕಾರರು ಬೆಂಚಿನಿಂದ ಎದ್ದೇಬಿಟ್ಟರು. "ಏನು ಮಾತು ಆಡುತ್ತೀರಿ ಮಾಸ್ತರರೇ! ಗಿರಾಕಿಯ ಕಣ್ಣೆದುರಿಗೆ ಮಾಲಿನ ತಟ್ಟೆಯಲ್ಲಿ ಕಲ್ಲು ಇಡುವುದೇ? ಐವತ್ತು ವರ್ಷ ತಕ್ಕಡಿ ಹಿಡಿದಿದ್ದೇನೆ, ಆ ತಟ್ಟೆಯಲ್ಲಿ ಹುಣಸೆಬೀಜ ಅಂಟಿದ್ದರೂ ಒರೆಸಿ ತೂಗಿದ್ದೇನೆ."

ನಾವು ಎಷ್ಟು ನಕ್ಕರೂ ಅವರು ನಗಲಿಲ್ಲ. ಆಮೇಲೆ ಮನೆಗೆ ನಡೆಯುತ್ತ ಯೋಚಿಸಿದೆ. ನನಗೂ ಕ್ಯಾಶಿಯರ್ ಸಾಹೇಬರಿಗೂ ಉತ್ತರ ಹೊಳೆಯದಿದ್ದದ್ದು ದಡ್ಡತನದಿಂದ. ಅವರಿಗೆ ಹೊಳೆಯದಿದ್ದದ್ದು ಹಾಗಲ್ಲ. ಉತ್ತರಕ್ಕೆ ಹೋಗುವ ದಾರಿಯಲ್ಲಿ ಅವರ ಐವತ್ತು ವರ್ಷದ ತಕ್ಕಡಿ ಅಡ್ಡ ನಿಂತಿತ್ತು.

ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮನ್ನು 1507 ಮೀಟರಿಗೆ ಬೆಳೆಸಿ, ಅದು ಜಗತ್ತಿನಲ್ಲೇ ಉದ್ದವೆಂದು 2023ರಲ್ಲಿ ಉದ್ಘಾಟನೆಯಾದಾಗ ಊರೆಲ್ಲ ಹಿಗ್ಗಿತು. ಮಾಸ್ತರರು ಹಿಗ್ಗಿದ್ದು ಬೇರೆ ಕಾರಣಕ್ಕೆ. ಇಷ್ಟು ವರ್ಷ ಪಠ್ಯಪುಸ್ತಕದ ರೈಲುಗಳು ಹೆಸರಿಲ್ಲದ ಪ್ಲಾಟ್‌ಫಾರ್ಮುಗಳನ್ನು ದಾಟುತ್ತಿದ್ದವು, ಈಗ ನಮ್ಮದೇ ಒಂದು ಸಿಕ್ಕಿತಲ್ಲ! 293 ಮೀಟರ್ ಉದ್ದದ ರೈಲು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಈ ಪ್ಲಾಟ್‌ಫಾರ್ಮ್ ದಾಟಲು ಎಷ್ಟು ಹೊತ್ತು? ಸರಿಯಾಗಿ ಮೂರು ನಿಮಿಷ. 293 ಎಂಬ ವಿಚಿತ್ರ ಉದ್ದ ಎಲ್ಲಿಂದ ಬಂತೆಂದು ಕೇಳಿದರೆ, ಉತ್ತರ ದುಂಡಗೆ ಬರಲಿ ಎಂದು ಎರಡು ಡಬ್ಬಿ ಬಿಚ್ಚಿಸಿದೆ ಎಂದರು. 1507 ಎಂದರೆ 11 ಸಲ 137 ಎಂದೂ ಅವರೇ ಹೇಳಿದರು. ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ. ನಾನು ಮರೆತೂ ಇಲ್ಲ.

ಲಕ್ಕುಂಡಿಗೆ ಹೋದಾಗ ನಾನು ಲಕ್ಕುಂಡಿಯನ್ನೇ ಸೋತೆ. ನೂರೊಂದು ಗುಡಿ ನೂರೊಂದು ಬಾವಿ ಎಂದು ಜನ ಹೇಳುವ ಊರು ಅದು. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕುಳಿತು ಮಾಸ್ತರರು ಹೇಳಿದ್ದು: ಭಕ್ತನೊಬ್ಬ ಕೆಲವು ಹೂ ಹಿಡಿದು ಹೊರಟ. ಬಾವಿಯಲ್ಲಿ ಅದ್ದಿದರೆ ಹೂ ಇಮ್ಮಡಿಯಾಗುತ್ತವೆ. ಅದ್ದಿದ, ಗುಡಿಯಲ್ಲಿ ಕೆಲವು ಏರಿಸಿದ. ಉಳಿದವನ್ನು ಎರಡನೆಯ ಬಾವಿಯಲ್ಲಿ ಅದ್ದಿ ಎರಡನೆಯ ಗುಡಿಯಲ್ಲಿ ಅಷ್ಟೇ ಏರಿಸಿದ. ಮೂರನೆಯದರಲ್ಲಿಯೂ ಅಷ್ಟೇ ಏರಿಸಿ ಬರಿಗೈಯಾದ. ತಂದದ್ದೆಷ್ಟು, ಏರಿಸಿದ್ದೆಷ್ಟು? ನಾನು ಮೊದಲ ಗುಡಿಯಿಂದ ಹೊರಟು ಹಾದಿ ತಪ್ಪಿದೆ. ಕೊನೆಯ ಗುಡಿಯಿಂದ ಮನೆಯ ಕಡೆಗೆ ಹಿಮ್ಮುಖವಾಗಿ ನಡೆಯಬೇಕಿತ್ತು. ಕಡಿಮೆಯೆಂದರೆ ತಂದದ್ದು 7, ಪ್ರತಿ ಗುಡಿಗೆ 8. ಇಂಥ ಬಾವಿ ನಿಜವಾಗಿ ಇದ್ದಿದ್ದರೆ ಹೂ ಏಕೆ ಅದ್ದುತ್ತಾನೆ, ಪಿಂಚಣಿ ಅದ್ದುತ್ತಿದ್ದ ಎಂದರು ಕ್ಯಾಶಿಯರ್ ಸಾಹೇಬರು.

ಈ ಎಲ್ಲಕ್ಕಿಂತ ಹೆಚ್ಚು ಸುಖ ಕೊಟ್ಟದ್ದು 441. ನಮ್ಮ ಬೆಂಚಿನಿಂದ ಕೂಗಳತೆಯಲ್ಲಿ ಬೇಂದ್ರೆಯವರ ಮನೆ 'ಶ್ರೀಮಾತಾ' ಇದೆ. ಕೊನೆಗಾಲದಲ್ಲಿ ವರಕವಿಗಳು ಕವಿತೆಯಷ್ಟೇ ಪ್ರೀತಿಯಿಂದ ಸಂಖ್ಯೆಗಳ ಬೆನ್ನು ಹತ್ತಿದ್ದರು, 441 ಅವರನ್ನು ಬಹಳ ಸೆಳೆದ ಸಂಖ್ಯೆ. 21ರ ವರ್ಗ. ತಿರುವಿ ಹಾಕಿದರೆ 144, ಅದು 12ರ ವರ್ಗ. 21 ತಿರುವಿದರೂ 12. ಇಷ್ಟನ್ನು ಹೇಳಿ ಮಾಸ್ತರರು ಜೇಬಿನಿಂದ ಯಾರದೋ ಲಗ್ನಪತ್ರಿಕೆ ತೆಗೆದು, ಅದರ ಹಿಂಬದಿಗೆ 27994681 ಎಂದು ಬರೆದು, "ಇದನ್ನು 441ರಿಂದ ಗುಣಿಸಿರಿ" ಎಂದು ನಮ್ಮ ಕೈಗಿಟ್ಟರು.

ಕ್ಯಾಶಿಯರ್ ಸಾಹೇಬರು ಬರೆದರು, ನಾನು ಮಗ್ಗಿ ಹೇಳಿದೆ. ನಾಲ್ಕರಿಂದ ಒಮ್ಮೆ ಗುಣಿಸಿದರೆ ಸಾಕು, 111978724. ಅದನ್ನೇ ಎರಡು ಸಾಲು, ಒಂದೊಂದು ಮನೆ ಎಡಕ್ಕೆ ಸರಿಸಿ ಬರೆಯುವುದು. ಕೂಡಿಸಿದಾಗ 12345554321 ಬಂತು. ಚೆನ್ನಾಗಿಯೇ ಇತ್ತು, ಆದರೆ ಏನೋ ಕೊರೆ. ಕ್ಯಾಶಿಯರ್ ಸಾಹೇಬರು ಹೆಬ್ಬೆರಳು ಒದ್ದೆ ಮಾಡಿಕೊಂಡು ಬಲದಿಂದ ಮತ್ತೆ ಬಂದರು. ಐದನೆಯ ಮನೆಯಲ್ಲಿ ಕೈಯಲ್ಲಿ ಎರಡು ಹಿಡಿಯಬೇಕಾದಲ್ಲಿ ಒಂದು ಹಿಡಿದಿದ್ದೆವು. ನಗದಿನಲ್ಲಿ ಒಂದು ಕಡಿಮೆ ಬಿದ್ದಾಗ ಬ್ಯಾಂಕಿನಲ್ಲಿ ಎಷ್ಟೋ ರಾತ್ರಿ ಕಳೆದ ಮನುಷ್ಯ, ಐದನ್ನು ಅಳಿಸಿ ಆರು ಬರೆಯುವಾಗ ಅವರ ಕೈ ಸಣ್ಣಗೆ ನಡುಗಿತು. 12345654321. ಒಂದರಿಂದ ಆರರವರೆಗೆ ಏರಿ, ಏರಿದ ಮೆಟ್ಟಿಲಲ್ಲೇ ಇಳಿದುಬಂದಿತ್ತು.

ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇಂಥ ಗುಣಾಕಾರಗಳನ್ನು ಕಂಠಹಾರಗಳೆಂದು ಪೋಣಿಸಿಟ್ಟಿದ್ದಾನಂತೆ, ಇದೂ ಅಲ್ಲಿಯದೇ. ಗುಟ್ಟನ್ನು ಮಾಸ್ತರರು ಮರುದಿನ ಬಿಟ್ಟುಕೊಟ್ಟರು. 21ನ್ನು 5291ರಿಂದ ಗುಣಿಸಿದರೆ 111111, ಆರು ಒಂದುಗಳ ಸಾಲು. ಎಲ್ಲವನ್ನೂ ವರ್ಗ ಮಾಡಿದರೆ ಹಾರ ಸಿದ್ಧ. ಬೇಂದ್ರೆಯವರ ಸಂಖ್ಯೆ ಆಚಾರ್ಯನ ಹಾರದಲ್ಲಿ ಸಾವಿರಕ್ಕೂ ಹೆಚ್ಚು ವರ್ಷದಿಂದ ಕುಳಿತಿತ್ತು. ಆ ಲಗ್ನಪತ್ರಿಕೆ ಈಗ ನನ್ನ ಬಳಿ ಇದೆ. ಮದುವೆಗೆ ಯಾರೂ ಹೋಗಲಿಲ್ಲ.

ಮಣದ ಕಲ್ಲಿನ ಅವಮಾನವನ್ನು ಸಾವಕಾರರು ಮರೆತಿರಲಿಲ್ಲ. ಕಳೆದ ತಿಂಗಳು ಒಂದು ಸಂಜೆ ಬಂದವರೇ ಬೆಂಚಿನ ನಡುವೆ ಕುಳಿತರು. "ನನ್ನದೂ ಒಂದಿದೆ, ಕೇಳಿರಿ. ನಮ್ಮ ಅಪ್ಪ ಒಮ್ಮೆ ಸಂತೆಯಲ್ಲಿ ಹಳೆಯ ತಕ್ಕಡಿ ತಂದಿದ್ದ. ದಂಡಿಗೆ ಒಂದು ಬದಿ ಚೂರು ಗಿಡ್ಡ, ಒಂದು ಬದಿ ಉದ್ದ. ಬರಿದಾಗಿ ಎತ್ತಿದರೆ ಸಮನಾಗಿಯೇ ನಿಲ್ಲುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಚೀಲವನ್ನು ಎಡತಟ್ಟೆಯಲ್ಲಿಟ್ಟು ತೂಗಿದರೆ 16 ಕಿಲೋ. ಅದೇ ಚೀಲ ಬಲತಟ್ಟೆಯಲ್ಲಿ 25 ಕಿಲೋ. ಚೀಲದ ನಿಜವಾದ ತೂಕ ಎಷ್ಟು?"

"ಇಪ್ಪತ್ತೂವರೆ" ಎಂದರು ಕ್ಯಾಶಿಯರ್ ಸಾಹೇಬರು, ಕಣ್ಣು ಮಿಟುಕಿಸದೆ.

ಸಾವಕಾರರು ಮುಗುಳ್ನಕ್ಕು ತಲೆಯಾಡಿಸಿದರು. ಮಾಸ್ತರರಿಗೆ ಆಗಲೇ ತಿಳಿದಿತ್ತು. ಅಂಗಿಯ ಗುಂಡಿಯನ್ನು ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡುತ್ತ ಕುಳಿತಿದ್ದರು, ಬಾಯಿಗೆ ಬೆಲ್ಲ ತುರುಕುವವರು ಯಾರೂ ಇರಲಿಲ್ಲ. ನಾನು ಒಂದು ವಾರ ತಡೆದೆ. ಕೈಯಲ್ಲಿ ಉಳಿದದ್ದು ಎರಡೇ ಊರು. ಹುಬ್ಬಳ್ಳಿಯನ್ನು ಸಾವಕಾರರು ದೂಳು ಎಂದು ಒಪ್ಪಲಿಲ್ಲ. ಧಾರವಾಡ ಕೊಟ್ಟೆ.

ಅವರು ವರದಿ ಒಪ್ಪಿಸಿದರು. ಧಾರವಾಡದ ಮಳೆಯಲ್ಲಿ ಅರ್ಧವನ್ನು ಗದಗಿಗೆ ಕಳಿಸಿದರಂತೆ. ಲೈನ್ ಬಜಾರಿನ ಪೇಢೆಯನ್ನು ತಾವೇ ನಿಂತು ತೂಗಿಸಿದರಂತೆ, ತಟ್ಟೆ ಒರೆಸಿ. ಸಾಧನಕೇರಿಯ ಬೆಂಚನ್ನು ಮಾತ್ರ ನಮಗೆ ಬಿಟ್ಟರಂತೆ. ಆಮೇಲೆ ನನ್ನ ಕಿವಿಯಲ್ಲಿ ಉತ್ತರ ಹೇಳಿದರು. ಅದು ಇಪ್ಪತ್ತೂವರೆ ಅಲ್ಲ.

ಕ್ಯಾಶಿಯರ್ ಸಾಹೇಬರು ಇನ್ನೂ ಒಪ್ಪಿಲ್ಲ, ಊರನ್ನೂ ಕೊಟ್ಟಿಲ್ಲ. ನನಗೋ ನಾಲಗೆಯ ತುದಿ ತುರಿಸುತ್ತಿದೆ. ಉತ್ತರ ಬೇಕಾದವರು ಒಂದು ಊರಿನ ಹೆಸರು ಹೇಳಿದರೆ ಸಾಕು. ಅಣ್ಣಿಗೇರಿ ಮಾತ್ರ ಬೇಡ, ಅದು ಆಯಿಯ ಹೆಸರಿನಲ್ಲಿದೆ.